ಅಕ್ಕನ ಎರಡನೇ ಲೈನು

ಅಕ್ಕ ಕೆಲಸಕ್ಕೆ ಕೂರುವ ಕೋಣೆಯ ಗೋಡೆಗೆ ಬೂದು ಬಣ್ಣ ಬಳಿದವನು ನಾನೇ. ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಎದುರಿನಿಂದ ಮುಖಕ್ಕೆ ಬೀಳುವ ಹಾಗೆ ಒಂದು ದೀಪ. ಮೈಮೇಲೆ ಕಪ್ಪು ಬಟ್ಟೆ, ಬೆರಳಲ್ಲಿ ಉಂಗುರವಿಲ್ಲ, ಮಣಿಕಟ್ಟಿನಲ್ಲಿ ಗಡಿಯಾರವಿಲ್ಲ. ಪರದೆಯ ಆಚೆ ಇರುವವರಿಗೆ ಅಕ್ಕನ ಎರಡು ಕೈ, ಒಂದು ಮುಖ ಬಿಟ್ಟು ಬೇರೇನೂ ಕಣ್ಣಿಗೆ ಬೀಳಬಾರದು. ಅವಳ ಕಸುಬೇ ಅದು. ಆಸ್ಪತ್ರೆಯಲ್ಲಿ ಕಿವುಡರೊಬ್ಬರು ಡಾಕ್ಟರ ಮುಂದೆ ಕೂತಾಗ ಅಕ್ಕ ಮನೆಯಿಂದಲೇ ಆ ಕರೆಗೆ ಸೇರಿಕೊಳ್ಳುತ್ತಾಳೆ. ಡಾಕ್ಟರು ಹೇಳಿದ್ದನ್ನು ಸನ್ನೆಯಲ್ಲಿ ತಿಳಿಸುತ್ತಾಳೆ, ಅವರು ಸನ್ನೆಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುತ್ತಾಳೆ. ದುಭಾಷಿ ಅನ್ನುತ್ತಾರೆ. ನಾನೂ ಅದೇ ಕೆಲಸ ಮಾಡುತ್ತೇನೆ, ಅವಳಷ್ಟು ಚೆನ್ನಾಗಿ ಅಲ್ಲ.

ಈ ಭಾಷೆ ನಾವು ಶಾಲೆಗೆ ಹೋಗಿ ಕಲಿತದ್ದಲ್ಲ. ನಮ್ಮಮ್ಮ ಹುಟ್ಟು ಕಿವುಡಿ. ಅಂಗಡಿಯವನು, ಮನೆ ಮಾಲೀಕ, ಬಸ್ಸಿನ ಕಂಡಕ್ಟರ್, ಎಲ್ಲರ ಮುಂದೆಯೂ ಅಮ್ಮನ ಬಾಯಾಗಿ ನಿಂತವಳು ಅಕ್ಕ. ಅವಳಿಗೆ ಒಂಬತ್ತು ವರ್ಷವಿದ್ದಾಗ ಡಾಕ್ಟರೊಬ್ಬರು ಅಮ್ಮನ ಗರ್ಭಕೋಶ ತೆಗೆಯಬೇಕು ಅಂದರು. ಅದೇನೆಂದು ಗೊತ್ತಿಲ್ಲದ ಹುಡುಗಿ, 'ಮಗು ಇರೋ ಚೀಲ ಕಿತ್ತು ಎಸೀತಾರಂತೆ' ಎಂದು ಸನ್ನೆ ಮಾಡಿ ಹೇಳಿಬಿಟ್ಟಳು. ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯವರೆಗೂ ಅತ್ತಳು. ಇನ್ನೂ ಒಳ್ಳೆಯ ಮಾತಿನಲ್ಲಿ ಹೇಳಬಹುದಿತ್ತಲ್ಲ ಎಂದು ಅಕ್ಕ ಈಗಲೂ ನೊಂದುಕೊಳ್ಳುತ್ತಾಳೆ. ಈಗ ಅವಳಿಗೆ ಐವತ್ನಾಲ್ಕು. ಎಡಭುಜ ಹಿಡಿದುಕೊಂಡಿದೆ, ಸಂಜೆ ಹೊತ್ತಿಗೆ ಲೋಟ ಎತ್ತಿದರೂ ಮಣಿಕಟ್ಟು ನಡುಗುತ್ತದೆ. ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ. ಇನ್ನು ಸಾಕು ಬಿಡಕ್ಕ ಅಂದರೆ, "ಬಿಟ್ಟು ಏನು ಮಾಡ್ಲಿ, ಗೋಡೆ ಜೊತೆ ಸನ್ನೆ ಮಾಡ್ಲಾ?" ಅನ್ನುತ್ತಾಳೆ.

ಮೂರು ಬೀದಿ ಆಚೆ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಅಲ್ಲಿ ನಾನು. ನಮ್ಮಿಬ್ಬರ ಅನ್ನ ನಿಂತಿದ್ದದ್ದು ಊರಿನ ದೊಡ್ಡ ಆಸ್ಪತ್ರೆಯ ಜೊತೆಗಿನ ಒಂದು ಒಪ್ಪಂದದ ಮೇಲೆ. ಅದರಲ್ಲಿ ಒಂದು ಷರತ್ತಿತ್ತು: ಎರಡು ವರ್ಷದ ಅವಧಿಯಲ್ಲಿ ಮೂರು ಸಲ ಕರೆ ನಡುವೆ ಲೈನ್ ಕಟ್ಟಾದರೆ ಒಪ್ಪಂದ ಅಲ್ಲಿಗೇ ಮುಗಿಯಿತು. ಆಮೇಲೆ ಕೆಲಸ ಬೇರೆ ಊರಿನ ದೊಡ್ಡ ಕಂಪನಿಗೆ. ಅಲ್ಲಿ ಒಂದೇ ಹಾಲಿನಲ್ಲಿ ಇನ್ನೂರು ಜನ ದುಭಾಷಿಗಳು ಸಾಲಾಗಿ ಕೂತಿರುತ್ತಾರಂತೆ. ಲೈನೇನೋ ಕಟ್ಟಾಗುವುದಿಲ್ಲ. ಆದರೆ ಅಲ್ಲಿಯವರ ಸನ್ನೆಯೇ ಬೇರೆ, ನಮ್ಮೂರಿನ ಮುದುಕರಿಗೆ ಅದು ಅರ್ಧಕ್ಕರ್ಧ ಅರ್ಥವಾಗುವುದಿಲ್ಲ.

ಅವಧಿಯ ಮೊದಲ ವರ್ಷದಲ್ಲೇ ಎರಡು ಸಲ ಕಟ್ಟಾಗಿತ್ತು. ಎರಡೂ ಸಲ ಕೈಕೊಟ್ಟದ್ದು ಅಕ್ಕನ ಮನೆಯ ಹಳೇ ಲೈನು. ಮೊಬೈಲಿನಲ್ಲಿ ಮಾಡಿ ನೋಡಿದೆವು. ಚಿತ್ರ ಚೌಕ ಚೌಕವಾಗಿ ಒಡೆದು ಅವಳ ಬೆರಳು ಯಾವುದು, ಮೂಗು ಯಾವುದು ತಿಳಿಯದ ಹಾಗಾಯಿತು. ಉಳಿದಿದ್ದು ಒಂದೇ ಸಲ. ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು.

ನಾನು ಚಪ್ಪಲಿ ಕೊಳ್ಳುವುದಕ್ಕೂ ನಾಲ್ಕು ಅಂಗಡಿ ಸುತ್ತಿ ಪಟ್ಟಿ ಬರೆಯುವ ಮನುಷ್ಯ. ಈ ಸಲ ಐದು ಇಂಟರ್ನೆಟ್ ಕಂಪನಿಗಳನ್ನು ತೆಗೆದುಕೊಂಡು ಉದ್ದಕ್ಕೆ ಒಂದು ಹಾಳೆ ಗೆರೆ ಹಾಕಿದೆ. ಮನೆಯ ಪ್ಲಾನ್ ಒಂದು ಕಡೆ, ಆಫೀಸಿನ ಪ್ಲಾನ್ ಇನ್ನೊಂದು ಕಡೆ. ಮನೆಯದು ಅಗ್ಗ, ಆದರೆ ಕೆಟ್ಟರೆ ರಿಪೇರಿ ಮಾಡುವವನು ಬಂದಾಗ ಬಂದ. ಆಫೀಸಿನದಕ್ಕೆ ಮೂರು ಪಟ್ಟು ಬೆಲೆ, ನಾಲ್ಕು ಗಂಟೆಯೊಳಗೆ ಸರಿ ಮಾಡುತ್ತೇವೆಂಬ ಮಾತು. ಎಲ್ಲರೂ ಜಾಹೀರಾತಿನಲ್ಲಿ ಹೇಳುವುದು ಡೌನ್‌ಲೋಡ್ ಸ್ಪೀಡು. ನಮಗೆ ಬೇಕಾದದ್ದು ಅಪ್‌ಲೋಡು, ಏಕೆಂದರೆ ಅಕ್ಕನ ಕೈ ಇಲ್ಲಿಂದ ಅಲ್ಲಿಗೆ ಹೋಗಬೇಕು. ಅದನ್ನು ಕೇಳಿದರೆ ಫೋನಿನಲ್ಲಿದ್ದವರು ಸಿನಿಮಾ ಬಿಟ್ಟಿ ಕೊಡುತ್ತೇವೆ ಅನ್ನುತ್ತಿದ್ದರು. "ಸಿನಿಮಾ ಬೇಡ ತಾಯಿ, ಕೈ ಕಾಣಬೇಕು" ಅಂದರೆ ಅವರಲ್ಲೊಬ್ಬ ಹುಡುಗಿ, "ಒಂದು ಸೆಕೆಂಡ್ ಸಾರ್" ಅಂದಳು. ಅವಳ ಸೆಕೆಂಡು ಹದಿನೇಳು ನಿಮಿಷದ್ದು. ಅದನ್ನೂ ಹಾಳೆಯಲ್ಲಿ ಬರೆದುಕೊಂಡೆ.

ಅಕ್ಕಪಕ್ಕದವರನ್ನು ವಿಚಾರಿಸಿದೆ. ದರ್ಜಿ ತನ್ನ ಕಂಪನಿಯನ್ನು ಬಾಯಿಗೆ ಬಂದಂತೆ ಬೈದು ಕಟಿಂಗ್ ಅಂಗಡಿಯವನದ್ದು ಬಂಗಾರ ಅಂದ. ಕಟಿಂಗ್ ಅಂಗಡಿಯವನು ತನ್ನದಕ್ಕೆ ಶಾಪ ಹಾಕಿ ದರ್ಜಿಯದ್ದೇ ವಾಸಿ ಅಂದ. ದೂರದ ಬೆಟ್ಟ ನುಣ್ಣಗೆ. ನಲವತ್ತು ದಿನ ಹೀಗೆ ಅಳೆದೂ ಸುರಿದೂ ನೋಡಿದ ಮೇಲೆ ನನಗೊಂದು ಬುದ್ಧಿ ಹೊಳೆಯಿತು. ಯಾವ ಕಂಪನಿಯನ್ನೂ ನಂಬುವುದು ಬೇಡ. ಅಕ್ಕನ ಮನೆಗೆ ಒಬ್ಬರದು, ಆಫೀಸಿಗೆ ಇನ್ನೊಬ್ಬರದು. ಮನೆಯದು ಹೋದರೆ ಅರ್ಧ ನಿಮಿಷದಲ್ಲಿ ಆಫೀಸಿನಿಂದ ನಾನು ಅದೇ ಕರೆಗೆ ಸೇರಿಕೊಳ್ಳುತ್ತೇನೆ. ಎರಡು ಬೇರೆ ಬೇರೆ ಕಂಪನಿ ಒಂದೇ ಹೊತ್ತಿಗೆ ಕೈಕೊಡುವುದುಂಟೇ? ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮನೆಗೆ ಲೈನ್ ಎಳೆಯಲು ಬಂದವನು ನೀಲಿ ಅಂಗಿಯ ನಡುವಯಸ್ಸಿನ ಮನುಷ್ಯ. ಏಣಿಯನ್ನು ಹೆಗಲಿಂದ ಇಳಿಸುವ ಮೊದಲೇ ಕುಡಿಯಲು ನೀರು ಕೇಳಿದ. ನಾಲ್ಕು ದಿನ ಬಿಟ್ಟು ಆಫೀಸಿಗೆ ಇನ್ನೊಂದು ಕಂಪನಿಯ ಲೈನ್ ಎಳೆಯಲು ಬಂದವನೂ ಅವನೇ. ಈ ಸಲ ಕಿತ್ತಳೆ ಬಣ್ಣದ ಅಂಗಿ.

"ಏನಣ್ಣ, ಕಂಪನಿ ಬದಲಾಯಿಸಿದ್ರಾ?" ಎಂದು ಕೇಳಿದೆ.

"ಇಲ್ಲ ಸಾರ್, ಅಂಗಿ ಬದಲಾಯಿಸಿದೆ" ಅಂದ. ಎರಡೂ ಕಂಪನಿ ಒಬ್ಬನೇ ಕಂಟ್ರಾಕ್ಟರನಿಗೆ ಕೆಲಸ ಕೊಟ್ಟಿವೆಯಂತೆ. ಬ್ಯಾಗಿನಲ್ಲಿ ಎರಡು ಅಂಗಿ ಇರುತ್ತವಂತೆ. ಬೇಸಿಗೆಯಲ್ಲಿ ಎರಡೂ ಬೆವರು ನಾರುತ್ತವಂತೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

"ಇವೆರಡರಲ್ಲಿ ಯಾವ ಕಂಪನಿ ಒಳ್ಳೇದು? ಮುಚ್ಚುಮರೆ ಇಲ್ಲದೆ ಹೇಳಿ."

"ಎರಡೂ ಒಳ್ಳೇದೇ ಸಾರ್. ಎರಡೂ ಇದ್ರೆ ಇನ್ನೂ ಒಳ್ಳೇದು."

ಅಂದು ಅಕ್ಕ ಆಫೀಸಿಗೆ ಬಂದಿದ್ದಳು. ಅವನು ಹೋದ ಮೇಲೆ, "ಅವನು ಹಾಗೆ ಹೇಳುವಾಗ ನಿನ್ನ ಮುಖ ನೋಡ್ಲಿಲ್ಲ, ಗಮನಿಸಿದ್ಯಾ?" ಅಂದಳು. ಹುಟ್ಟಿದಾಗಿನಿಂದ ಮುಖ, ಕೈ ಓದಿಕೊಂಡೇ ಬೆಳೆದವಳು. ನಿನಗೆ ಎಲ್ಲದರಲ್ಲೂ ಅನುಮಾನ ಎಂದು ರೇಗಿದೆ. ಹಾಳೆ ಮಡಿಚಿ ಒಳಗಿಟ್ಟೆ.

ಅಲ್ಲಿಂದ ಏಳು ತಿಂಗಳು ಎರಡೂ ಲೈನು ಕೆಮ್ಮಲೂ ಇಲ್ಲ. ಎಂಟನೇ ತಿಂಗಳ ಒಂದು ಬೆಳಗ್ಗೆ ಹನ್ನೊಂದೂಕಾಲಿಗೆ ಆಸ್ಪತ್ರೆಯಿಂದ ಅಕ್ಕನಿಗೆ ಕರೆ ಬಂತು. ಆಫೀಸಿನಲ್ಲಿ ನನ್ನ ಪರದೆಯ ಮೇಲೂ ಅದು ಕಾಣುತ್ತಿತ್ತು. ರೋಗಿ ನಮಗೆ ಗೊತ್ತಿದ್ದವನೇ, ಕಿವುಡ ಬಡಗಿ. ನಮ್ಮ ಆಫೀಸಿನ ಬಾಗಿಲಿಗೆ ಚೌಕಟ್ಟು ಕೂರಿಸಿದವನು, ಕೆಲಸ ಮಾಡುತ್ತಲೇ ಒಂದೇ ಕೈಯಲ್ಲಿ ಜೋಕು ಹೇಳಿ ನಗಿಸುವವನು. ಅಂದು ಮರ ಕೊಯ್ಯುವ ಯಂತ್ರಕ್ಕೆ ಅವನ ಬಲಗೈ ಸಿಕ್ಕಿಕೊಂಡು ಎರಡು ಬೆರಳು ಜಜ್ಜಿಹೋಗಿದ್ದವು.

ಡಾಕ್ಟರು ಅವಸರದಲ್ಲಿದ್ದರು. "ಎರಡು ಬೆರಳು ತೆಗೆದುಬಿಟ್ರೆ ಬೇಗ ವಾಸಿಯಾಗುತ್ತೆ, ಆರು ವಾರದಲ್ಲಿ ಕೆಲಸಕ್ಕೆ ಹೋಗಬಹುದು. ಇಲ್ಲ ಅಂದ್ರೆ ಕಂಬಿ ಹಾಕಿ ಉಳಿಸೋಕೆ ನೋಡಬಹುದು. ಆರೇಳು ತಿಂಗಳು, ಎರಡು ಮೂರು ಆಪರೇಷನ್, ಆದ್ರೂ ಉಳಿಯುತ್ತೆ ಅಂತ ಖಾತ್ರಿ ಇಲ್ಲ. ನಾನಾಗಿದ್ರೆ ತೆಗೆಸ್ತಿದ್ದೆ. ಏನಂತಾರೆ ಕೇಳಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ದುಭಾಷಿಯ ಕೈ ಯಾವಾಗಲೂ ಮಾತಿಗಿಂತ ಸ್ವಲ್ಪ ಹಿಂದಿರುತ್ತದೆ. ಅಕ್ಕ ಮೊದಲನೆಯದನ್ನು ಹೇಳಿದಳು: ಎರಡು ಬೆರಳು ತೆಗೆಯುವುದು, ಆರು ವಾರ, ಕೆಲಸ. ಅಷ್ಟು ತಿಳಿದ ಬಡಗಿ ತಲೆ ತಗ್ಗಿಸಿ ಬಟ್ಟೆ ಸುತ್ತಿದ್ದ ತನ್ನ ಕೈಯನ್ನು ನೋಡಿದ. ಕಿವುಡರು ಕಣ್ಣು ಬೇರೆ ಕಡೆ ತಿರುಗಿಸಿದ ಮೇಲೆ ಎಷ್ಟು ಸನ್ನೆ ಮಾಡಿದರೂ ಹೇಳಿದ ಹಾಗಲ್ಲ. ಕಣ್ಣು ಮೇಲೆ ಬರುವ ತನಕ ಕಾಯಬೇಕು. ಅಕ್ಕ ಎರಡೂ ಕೈ ಎತ್ತಿಕೊಂಡು ಕಾದಳು. ಅವನು ತಲೆ ಎತ್ತಿದ. ಆ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಯಿತು.

ಅವಳ ಪರದೆ, ನನ್ನ ಪರದೆ, ಎರಡೂ. ನಾನು ರೂಟರಿನ ದೀಪ ನೋಡಿದೆ, ಕೆಂಪು. ಅಕ್ಕನಿಗೆ ಫೋನ್ ಮಾಡಿದೆ.

"ನೀನು ಸೇರ್ಕೊಂಡ್ಯಾ? ಹೇಳಿದ್ಯಾ ಅವನಿಗೆ?" ಅಂದಳು.

"ಇಲ್ಲಕ್ಕ, ಇಲ್ಲೂ ಹೋಗಿದೆ."

"ಇಲ್ಲೂ ಅಂದ್ರೆ? ಅದು ಬೇರೆ ಕಂಪನಿ ಅಲ್ವೇನೋ!"

ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದರೆ ಕಾಯಿರಿ ಎಂದು ಹೇಳಿ ಸಂಗೀತ ಕೇಳಿಸಿದರು. ಹತ್ತು ನಿಮಿಷ ಆ ಸಂಗೀತ ಕೇಳಿ ಕಪ್ಪು ಬಟ್ಟೆಯಲ್ಲೇ ಮನೆಯಿಂದ ಹೊರಬಿದ್ದು ಬಸ್ಸು ಹಿಡಿದಳು. ನಾನೂ ಅತ್ತ ಓಡಿದೆ. ನಾಲ್ಕು ದಾರಿ ಕೂಡುವಲ್ಲಿ ನೀರಿನ ಪೈಪಿಗಾಗಿ ರಸ್ತೆ ಅಗೆದಿದ್ದರು. ಗುಂಡಿಯೊಳಗೆ ತೋಳಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಕೊಳವೆ ತುಂಡಾಗಿ ಬಿದ್ದಿತ್ತು. ಅದರ ಬಾಯಿಂದ ಕೂದಲೆಳೆಯಂಥ ತಂತಿಗಳು ಹೊರಗೆ ಚೆಲ್ಲಿದ್ದವು. ಗುಂಡಿಯ ಅಂಚಿನಲ್ಲಿ ಕೂತಿದ್ದವನು ಅವನೇ. ಈ ಸಲ ನೀಲಿ ಅಂಗಿಯೂ ಇಲ್ಲ, ಕಿತ್ತಳೆಯದ್ದೂ ಇಲ್ಲ, ಬರೀ ಬನಿಯನ್ನು.

"ಯಾವ ಕಂಪನಿ ಲೈನು ಕಟ್ಟಾಗಿದ್ದು?" ಎಂದು ಕೇಳಿದೆ.

"ಎಲ್ಲಾನೂ ಸಾರ್. ಈ ಏರಿಯಾಗೆ ಇರೋದು ಇದೊಂದೇ ಕೊಳವೆ. ಎಲ್ಲಾ ಕಂಪನಿಯೋರೂ ಇದರಲ್ಲೇ ಬಾಡಿಗೆಗೆ ಇದಾರೆ."

ಮೈಯೆಲ್ಲ ಉರಿದುಹೋಯಿತು. "ಅವತ್ತು ಕೇಳಿದಾಗ ಯಾಕೆ ಬೊಗಳಲಿಲ್ಲ?" ಅಂದೆ. ಹಾಗೆ ಅನ್ನಬಾರದಿತ್ತು.

ಅವನಿಗೇನೂ ಸಿಟ್ಟು ಬರಲಿಲ್ಲ. ಕೈಯಲ್ಲಿದ್ದ ತಂತಿಯನ್ನು ಬಟ್ಟೆಯಿಂದ ಒರೆಸುತ್ತ ಹೇಳಿದ: "ನೀವು ಕೇಳಿದ್ದು ಯಾವ ಕಂಪನಿ ಒಳ್ಳೇದು ಅಂತ. ಯಾವ ದಾರಿಲಿ ಬರುತ್ತೆ ಅಂತ ಕೇಳ್ಲಿಲ್ಲ. ನಾನಾಗೇ ಹೇಳಿದ್ರೆ ಒಂದು ಕನೆಕ್ಷನ್ ಕ್ಯಾನ್ಸಲ್ ಮಾಡ್ತಿದ್ರಿ. ನಂಗೆ ಕನೆಕ್ಷನ್ ಲೆಕ್ಕದಲ್ಲಿ ಕೂಲಿ ಸಾರ್." ಆಮೇಲೆ ಮೆಲ್ಲಗೆ, "ಅಷ್ಟು ಮುಖ್ಯದ ಕೆಲಸ ಅಂತ ಗೊತ್ತಿರ್ಲಿಲ್ಲ" ಅಂದ.

ನಲವತ್ತು ದಿನ ಬರೆದ ನನ್ನ ಹಾಳೆಯಲ್ಲಿ ಹನ್ನೊಂದು ಅಂಕಣಗಳಿದ್ದವು. ಕಂಪನಿಯವರು ಫೋನಿನಲ್ಲಿ ಎಷ್ಟು ಹೊತ್ತು ಕಾಯಿಸಿದರು ಎನ್ನುವುದಕ್ಕೂ ಒಂದು ಅಂಕಣವಿತ್ತು. ತಂತಿ ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದಕ್ಕಿರಲಿಲ್ಲ. ಅವನನ್ನು ಬೈದು ಏನು ಬಂತು?

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕ ಆಪರೇಷನ್ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಬಡಗಿ ಒಳಗಿದ್ದ. ನರ್ಸು ಸಮಾಧಾನವಾಗಿಯೇ ಹೇಳಿದಳು: "ಡಾಕ್ಟರು ಎರಡೂ ಹೇಳಿದ್ರಲ್ಲ, ನೀವೂ ಹೇಳಿ ಮುಗಿಸಿ ಕಟ್ ಮಾಡಿದ್ರಿ ಅಂದ್ಕೊಂಡ್ವಿ. ತೆಗೀಬಹುದಾ ಅಂತ ಕೇಳಿದ್ವಿ, ತಲೆ ಆಡಿಸಿದ್ರು."

ತಲೆ ಆಡಿಸಿದನಂತೆ. ನಮ್ಮಮ್ಮನೂ ಹಾಗೇ ಆಡಿಸುತ್ತಿದ್ದಳು. ಬಾಯಿ ಅಲುಗಿಸುತ್ತ ಯಾರೇ ಎದುರು ನಿಲ್ಲಲಿ, ಅರ್ಥವಾಗಲಿ ಬಿಡಲಿ, ಹೂಂ ಎಂದು ತಲೆಯಾಡಿಸಿ ನಗುತ್ತಿದ್ದಳು. ಹಾಗೆ ಮಾಡದಿದ್ದರೆ ಜನ ರೇಗುತ್ತಾರೆ, ಇಲ್ಲವೇ ಇನ್ನೂ ಗಟ್ಟಿಯಾಗಿ ಕೂಗುತ್ತಾರೆ. ಕಿವುಡರೆಲ್ಲ ಇದನ್ನು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಅದು ಒಪ್ಪಿಗೆಯಲ್ಲ, ನನ್ನ ಪಾಡಿಗೆ ನನ್ನನ್ನು ಬಿಡಿ ಎಂಬ ಬೇಡಿಕೆ. ಇದನ್ನು ನರ್ಸಿಗೆ ಬಿಡಿಸಿ ಹೇಳುವ ಬದಲು ಅಕ್ಕ ಆಪರೇಷನ್ ಕೋಣೆಯ ಬಾಗಿಲ ಕಡೆ ತಿರುಗಿ ನಿಂತಳು.

ಮೂರನೇ ದಿನ ಬೆಳಗ್ಗೆ ಆಸ್ಪತ್ರೆಯಿಂದ ನನಗೆ ಮೇಲ್ ಬಂತು. ಹೊಸ ಲೈನು ಬಂದಾಗಿನಿಂದ ಒಂದು ಕರೆಯೂ ಕಟ್ಟಾಗಿಲ್ಲವಾದ್ದರಿಂದ ಒಪ್ಪಂದವನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಲಾಗುತ್ತದೆ, ಹತ್ತು ದಿನದಲ್ಲಿ ಸಹಿ ಮಾಡಿ ಕಳಿಸಿ. ಬಡಗಿಯ ಕರೆ ಅವರ ದಾಖಲೆಯಲ್ಲಿ 'ಪೂರ್ಣಗೊಂಡಿದೆ' ಎಂದಿತ್ತು. ನಾನು ಅದನ್ನು ನಾಲ್ಕು ಸಲ ಓದಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.

ಅಂದು ಮಧ್ಯಾಹ್ನ ಬಡಗಿಯನ್ನು ನೋಡಲು ಹೋಗುವಾಗ ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ. "ಯಾರಿಗೂ ಗೊತ್ತಿಲ್ಲ ಅಕ್ಕ. ಡಾಕ್ಟರೇ ತೆಗೆಯೋದು ವಾಸಿ ಅಂದಿದ್ರಲ್ಲ. ನೀನು ಹೇಳಿದ್ರೂ ಅವನು ಅದನ್ನೇ ಆರಿಸ್ತಿದ್ನೇನೋ. ಹೋದ ಬೆರಳು ಬರುತ್ತಾ? ಸುಮ್ಮನಿದ್ಬಿಡು."

ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಿದ್ದಳು. "ಸುಸ್ತಾಗಿದೆ ಕಣೋ" ಅಂದಳು. ಅಷ್ಟೇ. ಒಪ್ಪಿದಳೆಂದು ನಾನು ಅಂದುಕೊಂಡೆ.

ವಾರ್ಡಿನಲ್ಲಿ ಬಡಗಿ ದಿಂಬಿಗೆ ಒರಗಿ ಕೂತಿದ್ದ. ಬಲಗೈಗೆ ದಪ್ಪ ಬ್ಯಾಂಡೇಜು. ನಮ್ಮನ್ನು ಕಂಡು ಮುಖ ಅರಳಿಸಿದ. ಎಡಗೈಯಲ್ಲಿ ಸನ್ನೆ ಮಾಡಿದರೆ ಅದು ಹೊಸದಾಗಿ ಮಾತು ಕಲಿತ ಮಗುವಿನ ತೊದಲಿನ ಹಾಗಿತ್ತು. ಮತ್ತೆ ಮತ್ತೆ ತಪ್ಪಿ, ಮತ್ತೆ ತಿದ್ದಿಕೊಳ್ಳುತ್ತಿದ್ದ. ನೋವು ಕಡಿಮೆ ಅಂದ. ಮಾಲೀಕ ಕೆಲಸ ಇಟ್ಟುಕೊಳ್ಳುತ್ತೇನೆ ಅಂದಿದ್ದಾನೆ ಅಂದ. ಆಮೇಲೆ ಅಕ್ಕನ ಕಡೆ ಬೊಟ್ಟು ಮಾಡಿ ಕೇಳಿದ: 'ಅವತ್ತು ನೀವು ಕೈ ಎತ್ತಿದ್ರಿ. ಇನ್ನೂ ಏನೋ ಹೇಳೋದಿತ್ತು. ಅಷ್ಟರಲ್ಲಿ ಕಪ್ಪಾಯ್ತು. ಏನದು?'

ನಾನು ಅಕ್ಕನ ಕೈಯನ್ನೇ ನೋಡಿದೆ. ಒಂದು ಸುಳ್ಳು ಸಾಕಿತ್ತು. ಬೇಗ ಹುಷಾರಾಗು ಅಂತ ಹೇಳುವುದಿತ್ತು ಅಂದರೆ ಮುಗಿಯುತ್ತಿತ್ತು. ಅಕ್ಕ ಕೈ ಎತ್ತಿದಳು. ಕಂಬಿ ಹಾಕಿ ಉಳಿಸಲು ನೋಡಬಹುದಿತ್ತು, ಆರೇಳು ತಿಂಗಳು, ಎರಡು ಮೂರು ಆಪರೇಷನ್, ಖಾತ್ರಿ ಇರಲಿಲ್ಲ. ಒಂದೂ ಬಿಡದೆ, ಒಂದೂ ಸೇರಿಸದೆ ಹೇಳಿದಳು. ಅವನು ಈ ಸಲ ಅವಳ ಕೈಯಿಂದ ಕಣ್ಣು ತೆಗೆಯಲಿಲ್ಲ. ತಲೆ ಆಡಿಸಲಿಲ್ಲ.

ಅಷ್ಟರಲ್ಲಿ ಡಾಕ್ಟರು ಸುತ್ತು ಬರುತ್ತ ಅವನ ಮಂಚದ ಹತ್ತಿರ ಬಂದರು. ಅಕ್ಕನನ್ನು ಗುರುತು ಹಿಡಿದು, ಸದ್ಯ ದುಭಾಷಿ ಇಲ್ಲೇ ಇದ್ದಾರೆ, ಹೇಗಿದ್ದಾರೆ ಕೇಳಿ ಅಂದರು. ಬಡಗಿ ಎಡಗೈ ಎತ್ತಿ ನಿಧಾನವಾಗಿ ಸನ್ನೆ ಮಾಡತೊಡಗಿದ. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಅದನ್ನು ಓದಿಕೊಂಡೆ.

ನಮ್ಮ ಕಸುಬಿನಲ್ಲಿ 'ಅವನು ಹೀಗೆ ಹೇಳುತ್ತಾನೆ' ಎನ್ನುವಂತಿಲ್ಲ. ಅವನು ನಾನು ಅಂದರೆ ನಾವೂ ನಾನು ಎಂದೇ ಹೇಳಬೇಕು. ಅಕ್ಕ ಅವನ ಕೈಯನ್ನೇ ನೋಡುತ್ತ, ಸ್ಪಷ್ಟವಾದ ದನಿಯಲ್ಲಿ, ತಡವರಿಸದೆ ಹೇಳಿದಳು:

"ಇನ್ನೊಂದು ದಾರಿ ಇತ್ತು ಅಂತ ನನಗೆ ಈಗ ತಾನೆ ಗೊತ್ತಾಯ್ತು. ಅವತ್ತು ದುಭಾಷಿಯ ಲೈನು ಅರ್ಧಕ್ಕೇ ಕಟ್ಟಾಗಿತ್ತು. ನೀವೆಲ್ಲ ನನ್ನ ಮುಖ ನೋಡ್ತಿದ್ರಿ, ನಾನು ಸುಮ್ಮನೆ ತಲೆ ಆಡಿಸಿದೆ. ನಾನು ಒಪ್ಪಿರ್ಲಿಲ್ಲ. ಈ ಕೈಯಲ್ಲೇ ನಾನು ಮಾತಾಡೋದು."

ಡಾಕ್ಟರು ಪೆನ್ನು ಹಿಡಿದ ಕೈಯನ್ನು ಕೆಳಗಿಳಿಸಿದರು. "ಇದು ನೀವು ಹೇಳ್ತಿರೋದಾ, ಅವರಾ?" ಎಂದು ಕೇಳಿದರು.

ಅಕ್ಕ ಮೊದಲು ಆ ಪ್ರಶ್ನೆಯನ್ನೂ ಸನ್ನೆಯಲ್ಲಿ ಬಡಗಿಗೆ ತಿಳಿಸಿದಳು. ಅವನ ಉತ್ತರ ಬರುವವರೆಗೆ ಕಾದಳು.

"ನಾನೇ" ಅಂದಳು.